ಕುತ್ತಿಗೆಯ ಗಡಿಕಲ್ಲು

ಬ್ಯಾಟರಾಯಪ್ಪನವರ ಹೆಸರು ನನ್ನ ಕಿವಿಗೆ ಮೊದಲು ಬಿದ್ದದ್ದು ಅವರ ನೆಗಡಿಯ ಜೊತೆಗೆ. ತಣಿಸಂದ್ರದ ನಮ್ಮ ತಂದೆಯ ಮನೆಗೆ ಹೆಣ್ಣು ನೋಡಲು ಶೆಟ್ಟಿಹಳ್ಳಿಯಿಂದ ಗಾಡಿ ತುಂಬ ಜನ ಬಂದಿದ್ದರು. ಹುಡುಗ ಬಂದಿದ್ದ, ಹುಡುಗನ ತಾಯಿ ಸೊಣ್ಣಮ್ಮ ಬಂದಿದ್ದರು, ಹುಡುಗನ ಸೋದರಮಾವ ಮಾತ್ರ ಬಂದಿರಲಿಲ್ಲ. ಸೋದರಮಾವನಿಲ್ಲದೆ ಮಾತುಕತೆ ಹೇಗೆ ಎಂದು ನಮ್ಮಪ್ಪ ಕೇಳಿದರು.

“ನಮ್ಮ ತಮ್ಮ ಬ್ಯಾಟರಾಯಪ್ಪಂಗೆ ಸ್ಯಾನೆ ನೆಗಡಿ ಕಣಣ್ಣ. ಅದಕ್ಕೇ ಬರಲಿಲ್ಲ.”

“ಪಾಪ, ಮಲಗವ್ರಾ?”

“ಅವ್ನಾ, ಮಲಗಾದಾ! ಯಲಹಂಕದ ಗರಡಿಯಾಗೆ ದಂಡ ಹೊಡೀತಾವ್ನೆ. ನೆಗಡಿ ಬಂದ ದಿವ್ಸ ಎಲ್ಡರಷ್ಟು ಹೊಡೀಬೇಕಂತೆ.”

ನಮ್ಮಪ್ಪ ನಮ್ಮಮ್ಮನ ಮುಖ ನೋಡಿದರು. (ಇವರ ವಂಶದಲ್ಲಿ ಇಂಥವರು ಇನ್ನೆಷ್ಟು ಜನ ಅಂತ ಆ ನೋಟದ ಅರ್ಥ.) ಅಷ್ಟರಲ್ಲಿ ಸೊಣ್ಣಮ್ಮ ಆ ತಮ್ಮ ಹೇಳಿಕಳಿಸಿದ್ದ ಪ್ರಶ್ನೆಯನ್ನು ಹೊರಗೆ ತೆಗೆದರು. ಹಾಡು ಬರುತ್ತದಾ ಅಂತಲ್ಲ, ರಂಗೋಲಿ ಬರುತ್ತದಾ ಅಂತಲೂ ಅಲ್ಲ. ಹುಡುಗಿ ನೆಲಕ್ಕೆ ಕೈ ಊರದೆ ಕುಕ್ಕರುಗಾಲಲ್ಲಿ ಕೂತು ಏಳಬೇಕಂತೆ. ಅಂದರೆ ಬಸ್ಕಿ! ಮದುವೆಯ ಸೀರೆ ಉಡುವ ಮೊದಲೇ ಬಸ್ಕಿ ಹೊಡೆದ ಹೆಣ್ಣು ಮೂರು ಲೋಕದಲ್ಲಿ ನಾನೊಬ್ಬಳೇ ಇರಬೇಕು. ಕೈಯಲ್ಲಿ ಕಾಫಿ ತಟ್ಟೆ ಬೇರೆ ಇತ್ತು. ಕೂತೆ, ಎದ್ದೆ. ಲೋಟದಿಂದ ಒಂದು ಹನಿ ಚೆಲ್ಲಿದ್ದರೂ ಈ ಕಥೆ ಬರೆಯುವ ಪ್ರಮೇಯ ಬರುತ್ತಿರಲಿಲ್ಲ.

ಮದುವೆಯಾಗಿ ಬಂದ ಮೇಲೆ ಆಸಾಮಿಯನ್ನು ಕಣ್ಣಾರೆ ಕಂಡೆ. ಬಾಗಿಲಿಗೆ ಅಡ್ಡ ನಿಂತರೆ ಮನೆಯೊಳಗೆ ಕತ್ತಲೆಯಾಗುವಂಥ ಆಳು. ಕುಸ್ತಿಯಲ್ಲಿ ಉಜ್ಜಿ ಉಜ್ಜಿ ಕಿವಿಗಳು ಒಣಗಿದ ನೆಲ್ಲಿಕಾಯಿಯ ಹಾಗೆ ಮುದುಡಿದ್ದವು. ಮೈಯಿಂದ ಯಾವಾಗಲೂ ಕೆಮ್ಮಣ್ಣು, ನಿಂಬೆಹಣ್ಣು, ಎಳ್ಳೆಣ್ಣೆಯ ವಾಸನೆ. ಹೆಂಡತಿ ಮಕ್ಕಳಿರಲಿಲ್ಲ, ಗರಡಿಯೇ ಸಂಸಾರ. ಊರಿಗೆಲ್ಲ ವಸ್ತಾದರು, ನನಗೆ ಮಾವ. ಅಕ್ಕನನ್ನು ನೋಡಬೇಕೆನಿಸಿದಾಗ ಯಲಹಂಕದಿಂದ ಶೆಟ್ಟಿಹಳ್ಳಿಗೆ ನಡೆದೇ ಬರುವರು, ಬಂದು ಅಕ್ಕನ ಜೊತೆ ಜಗಳವಾಡಿ, ಊಟ ಮಾಡಿ, ನಡೆದೇ ಹೋಗುವರು.

ಜಗಳದ ವಿಷಯ ಯಾವಾಗಲೂ ಒಂದೇ. ಕಾಯಿಲೆ ಬಂದವನು ಮಲಗಬೇಕೋ, ಮೈ ಬಗ್ಗಿಸಬೇಕೋ?

ನಮ್ಮತ್ತೆಯ ಆಯುರ್ವೇದದಲ್ಲಿ ಒಂದೇ ಅಧ್ಯಾಯವಿತ್ತು. ಕರೀ ಕಂಬಳಿ ಹೊದಿಸಿ, ಮೆಣಸಿನ ಕಷಾಯ ಹುಯ್ದು, ಮೂಲೆಯಲ್ಲಿ ಮಲಗಿಸುವುದು. ಬೆರಳಿಗೆ ಮುಳ್ಳು ಚುಚ್ಚಿಕೊಂಡರೂ ಕಂಬಳಿಯೇ. ಮಾವನ ಶಾಸ್ತ್ರ ಬೇರೆ. “ಕುತ್ತಿಗೆಯಿಂದ ಮ್ಯಾಲೆ ಕಾಯ್ಲೆ ಇದ್ರೆ ಸಾಮು ಮಾಡ್ಬೇಕು, ಬೆವರ್ನಾಗೆ ಅದು ಓಯ್ತದೆ. ಕುತ್ತಿಗೆಯಿಂದ ಕೆಳಕ್ಕಿಳೀತಾ, ಮಲಗ್ಬೇಕು. ಎದ್ದು ಕೂತ್ಕೊಂಡ್ರೂ ತಪ್ಪು.” ಸಾಮು ಎಂದರೆ ಗರಡಿಯ ವ್ಯಾಯಾಮ, ದಂಡ, ಬಸ್ಕಿ, ಓಟ ಎಲ್ಲ. ತಣಿಸಂದ್ರದಲ್ಲಿ ಮೂರನೇ ಕ್ಲಾಸಿನವರೆಗೆ ಓದಿದ ನನಗೆ ಮನುಷ್ಯನ ಮೈಯಲ್ಲಿ ಕುತ್ತಿಗೆ ಇಷ್ಟು ದೊಡ್ಡ ಹುದ್ದೆಯಲ್ಲಿದೆ ಎಂದು ಮೇಷ್ಟರು ಹೇಳಿರಲಿಲ್ಲ.

ಐವತ್ತೇಳನೆಯ ಇಸವಿ ಬಂತು. ಜಾಲಹಳ್ಳಿ ಕಡೆ ಹೊಸದೊಂದು ಕಾರ್ಖಾನೆ ಏಳುತ್ತಿತ್ತು. ನಮ್ಮ ರಾಗಿ ಹೊಲದ ಮೇಲೂ ಸರ್ವೆಯವರು ಚೈನು ಎಳೆದು ಕಲ್ಲು ನೆಟ್ಟರು. ಹೊಲ ಹೋದ ಮನೆಗೊಬ್ಬನಿಗೆ ಗೇಟಿನ ಕಾವಲು ಕೆಲಸ ಕೊಡುತ್ತೇವೆ, ಆದರೆ ಮೈದಾನ ಸುತ್ತಿ ಓಡಿ ತೋರಿಸಬೇಕು ಅಂದರು. ಸೋಮವಾರ ಬೆಳಿಗ್ಗೆ ಪರೀಕ್ಷೆ. ಕೆಲಸಕ್ಕೆ ಸೇರುವ ವಯಸ್ಸು ನಮ್ಮ ಯಜಮಾನರಿಗೆ ಆ ವರ್ಷಕ್ಕೇ ಮುಗಿಯುತ್ತಿತ್ತು. ಓಡಿದರೆ ಖಾಕಿ ಅಂಗಿ, ಇಲ್ಲದಿದ್ದರೆ ಕಂಡವರ ಹೊಲದಲ್ಲಿ ಕೂಲಿ. ಇದು ಮನೆಯಲ್ಲಿ ಎಲ್ಲರಿಗೂ ಗೊತ್ತಿತ್ತು, ಕಾಯಿಲೆಯೊಂದಕ್ಕೆ ಗೊತ್ತಿರಲಿಲ್ಲ. ಗುರುವಾರ ಬೆಳಿಗ್ಗೆ ಯಜಮಾನರು ಸೀನಿದರು.

ಆ ಸೀನು ಯಲಹಂಕಕ್ಕೆ ಕೇಳಿಸಿತೋ ಏನೋ, ಬಿಸಿಲು ನೆತ್ತಿಗೇರುವ ಹೊತ್ತಿಗೆ ಮಾವ ಹಾಜರು. ಅಷ್ಟರಲ್ಲಿ ನಮ್ಮತ್ತೆ ಮಗನನ್ನು ಕಂಬಳಿಯಲ್ಲಿ ಸುತ್ತಿ ಮೂಲೆಗೆ ಸೇರಿಸಿಯಾಗಿತ್ತು. ಮಾವ ಕಂಬಳಿಯ ತುದಿ ಎತ್ತಿದರು.

“ಏನ್ಲಾ ಮುನಿಶಾಮಿ, ಎಲ್ಲಿ ಕಾಯ್ಲೆ?”

“ಮೂಗ್ನಾಗೆ ಮಾವ.”

“ಮೂಗು ಎಲ್ಲೈತೆ?”

“ಮೊಕದಾಗೆ.”

“ಮೊಕ ಎಲ್ಲೈತೆ?”

“ಕುತ್ತಿಗೆ ಮ್ಯಾಲೆ.”

“ಏಳ್ಲಾ ಮ್ಯಾಕೆ!”

ಕಂಬಳಿಯ ಒಂದು ತುದಿ ಮಾವನ ಕೈಯಲ್ಲಿ, ಇನ್ನೊಂದು ತುದಿ ಅತ್ತೆಯ ಕೈಯಲ್ಲಿ. ಮಧ್ಯದಲ್ಲಿ ನನ್ನ ಗಂಡ ಜೋಕಾಲಿಯ ಹಾಗೆ ತೂಗುತ್ತಿದ್ದರು.

“ನನ್ನ ಮಗನ್ನ ಸಾಯಿಸ್ಬೇಕು ಅಂತ ಬಂದಿದ್ಯೇನೋ?”

“ನೀನು ಅವನ್ನ ಉಪ್ಪಿನಕಾಯಿ ಹಾಕ್ತಿದ್ಯಲ್ಲೇ ಅಕ್ಕಯ್ಯ! ಸೋಮವಾರ ಓಡ್ಬೇಕು ಕಣೆ ಅವ್ನು. ಮಲಗಿದ ಕಾಲು ಸೋಮವಾರ ಯೋಳಿದ್ ಮಾತು ಕೇಳ್ತದಾ?”

ಗೆದ್ದವರು ಮಾವ. ಶುಕ್ರವಾರ ಬೆಳಗಿನ ಜಾವ ಕೆರೆ ಏರಿಯ ಮೇಲೆ ಯಜಮಾನರನ್ನು ಓಡಿಸಿದರು. ಸಂಜೆಗೆ ಮೂಗು ಸೋರುವುದು ನಿಂತಿತು. ಮಾವ ಮೀಸೆಯ ಮೇಲೆ ಕೈ ಹಾಕಿದರು. ಅತ್ತೆ, ತಾನು ಕದ್ದು ಕುಡಿಸಿದ ಕಷಾಯದಿಂದ ಹಾಗಾಯಿತು ಎಂದರು. ಯಾರಿಂದಾದರೂ ಆಗಲಿ, ಸೋಮವಾರ ಹತ್ತಿರ ಬಂತಲ್ಲ ಎಂದು ನಾನು ದೀಪಕ್ಕೆ ಕೈ ಮುಗಿದೆ.

ಶನಿವಾರ ಎದ್ದವರೇ ಯಜಮಾನರು ಮಾತಾಡಲಿಲ್ಲ, ಒಂದು ಬೆರಳಿನಿಂದ ಗಂಟಲಿನ ಗಂಟನ್ನು ಮುಟ್ಟಿ ತೋರಿಸಿದರು.

ನೋವು ಕುತ್ತಿಗೆಯಿಂದ ಮೇಲೂ ಇರಲಿಲ್ಲ, ಕೆಳಗೂ ಇರಲಿಲ್ಲ. ಕುತ್ತಿಗೆಯಲ್ಲೇ ಇತ್ತು!

“ಕುತ್ತಿಗೆ ತಲೆಗೆ ಸೇರಿದ್ದು,” ಎಂದರು ಮಾವ. “ತಲೆ ಹೊರೋದು ಯಾರು? ಕುತ್ತಿಗೆ. ತಲೆ ಆಳು ಅದು.”

“ಎಲ್ಲಾದ್ರೂ ಉಂಟಾ! ಕುತ್ತಿಗೆ ಎದೆಗೆ ಸೇರಿದ್ದು. ಬುಡ ಎಲ್ಲೈತೋ ಮರ ಅವರ್ದೇ.”

“ನಿನ್ನ ಮೂಗುತಿ ತಲೇಗ್ ಸೇರಿದ್ದಾ, ಎದೇಗ್ ಸೇರಿದ್ದಾ?”

“ನನ್ನ ಮೂಗುತಿ ಸುದ್ದಿಗೆ ಬಂದ್ರೆ ನೋಡು!”

ಹೊಲದ ಬದುವಿಗಾಗಿ ತಲೆತಲಾಂತರದಿಂದ ಹೊಡೆದಾಡಿದ ವಂಶ. ಹೊಲ ಹೋಯಿತು, ಅಭ್ಯಾಸ ಎಲ್ಲಿಗೆ ಹೋದೀತು? ಕೊನೆಗೆ ಪಕ್ಕದ ಮನೆಯ ನರಸಿಂಹಯ್ಯನನ್ನು ಕರೆಸಿದರು. ಆತ ವೈದ್ಯನಲ್ಲ. ಸರ್ವೆಯವರ ಹಿಂದೆ ಚೈನು ಹಿಡಿದು ಓಡಾಡಿದವನು. ಗಡಿ ಗುರುತಿಸುವುದರಲ್ಲಿ ಅವನ ಮಾತನ್ನು ಊರೇ ಒಪ್ಪುತ್ತಿತ್ತು.

ನರಸಿಂಹಯ್ಯ ಯಜಮಾನರನ್ನು ಒರಳುಕಲ್ಲಿನ ಮೇಲೆ ಕೂರಿಸಿ, ಗಲ್ಲ ಎತ್ತಿ, ಒಂದು ಕಣ್ಣು ಮುಚ್ಚಿ ನೋಡಿದ. ಗಲ್ಲದಿಂದ ಎದೆಯ ಗುಳಿಯವರೆಗೆ ದಾರ ಹಿಡಿದ. ದಾರವನ್ನು ಮಡಿಸಿದ. ಎಲೆಅಡಿಕೆಯ ಸುಣ್ಣದಿಂದ ಯಜಮಾನರ ಕುತ್ತಿಗೆಗೆ ಅಡ್ಡಲಾಗಿ ಬಿಳೀ ಗೆರೆ ಎಳೆದ. ಗೆರೆ ಸರಿಯಾಗಿ ಗಂಟಲ ಗಂಟಿನ ಮೇಲೆಯೇ ಬಂತು.

“ಇದೇ ಗಡಿಕಲ್ಲು,” ಎಂದ.

“ನೋವು ಎಲ್ಲೈತೆ?” ಎಂದರು ಇಬ್ಬರೂ ಒಟ್ಟಿಗೆ.

“ಕಲ್ಲಿನ ಮ್ಯಾಲೇ,” ಎಂದ ನರಸಿಂಹಯ್ಯ.

ಆಮೇಲೆ ಎದ್ದ ಗಲಾಟೆಯನ್ನು ಬರೆಯಲು ನನ್ನ ಮೂರನೇ ಕ್ಲಾಸು ಸಾಲದು. ಸುಣ್ಣದ ಗೆರೆ ಅರ್ಧ ಬೆರಳು ಕೆಳಗೆ ಬಂತು ಎಂದು ಅತ್ತೆ, ಮೇಲೆ ಹೋಯಿತು ಎಂದು ಮಾವ. ನರಸಿಂಹಯ್ಯನ ಅಳತೆ ಹಿಂದೆ ಒಂದು ಸಲ ತಪ್ಪಿದ್ದು, ಅದರಿಂದ ಒಂದು ಬೇವಿನ ಮರ ಕೈಬಿಟ್ಟದ್ದು, ಎಲ್ಲ ಹೊರಗೆ ಬಂತು. ನರಸಿಂಹಯ್ಯ ತನ್ನ ತಾತನ ಮೇಲೆ ಆಣೆ ಇಟ್ಟ. ಇದರ ನಡುವೆ ಬೀದಿಯಲ್ಲಿ ತಮಟೆ ಬೇರೆ.

“ಯಾರದೋ ಎಮ್ಮೆ ತಪ್ಪಿಸ್ಕೊಂಡಿರ್ಬೇಕು. ಬಾಗ್ಲು ಹಾಕೇ ಲಕ್ಸ್ಮಿ, ಒಂದು ಮಾತೂ ಕೇಳಾಕಿಲ್ಲ!” ಎಂದರು ಅತ್ತೆ.

ನಾನು ಎದ್ದು ಹೋಗಿ ಬಾಗಿಲು ಹಾಕಿ ಅಗಣಿಯನ್ನೂ ಹಾಕಿದೆ. (ಈ ಅಗಣಿಯನ್ನು ಸ್ವಲ್ಪ ನೆನಪಿನಲ್ಲಿಟ್ಟುಕೊಳ್ಳಿ.)

ಅಗಣಿ ಹಾಕಿ ತಿರುಗಿದಾಗ ನನ್ನ ತಲೆಯಲ್ಲಿ ಒಂದು ದಿವ್ಯ ಯೋಚನೆ ಮಿಂಚಿತು. ಬದುವಿನ ಮೇಲೆ ಬೆಳೆದ ಮರದ ಕಾಯಿ ಎರಡೂ ಹೊಲದವರಿಗೆ ಸಮಪಾಲಲ್ಲವೆ? ಹಾಗಾದರೆ ಗಡಿಕಲ್ಲಿನ ಮೇಲಿನ ನೋವಿಗೂ ಸಮಪಾಲು. ಓಡಲಿ, ಕಂಬಳಿ ಹೊದ್ದು ಓಡಲಿ ಎಂದುಬಿಟ್ಟೆ!

ಆಮೇಲೆ ನರಸಿಂಹಯ್ಯ, “ಉಡುಗಿ ನ್ಯಾಯ ಯೋಳ್ತು,” ಎಂದ. ಅಕ್ಕ ತಮ್ಮ ಒಬ್ಬರ ಮುಖ ಒಬ್ಬರು ನೋಡಿ ಒಪ್ಪಿದರು. ನನ್ನ ಗಂಡನನ್ನು ಮಾತ್ರ ಯಾರೂ ಕೇಳಲಿಲ್ಲ. ನಾನೂ ಕೇಳಲಿಲ್ಲ, ಆ ಗಳಿಗೆಯಲ್ಲಿ ನನಗೆ ನ್ಯಾಯಾಧೀಶರ ಗಾಂಭೀರ್ಯ ಬಂದುಬಿಟ್ಟಿತ್ತು.

ಭಾನುವಾರ ಕೆರೆ ಏರಿಯ ಮೇಲೆ ಒಂದು ಕರೀ ಕಂಬಳಿ ಓಡಿತು. ಎದುರಿಗೆ ಬಂದ ದನಗಳು ಕಿತ್ತುಕೊಂಡು ನೀರಿಗಿಳಿದವು. ಮಾವ ಪಕ್ಕದಲ್ಲಿ “ಉಸಿರು! ಉಸಿರು!” ಎಂದು ಕೂಗುತ್ತ ಓಡಿದರು, ಅತ್ತೆ ಹಿಂದಿನಿಂದ “ತಲೆ ಮುಚ್ಕೋ! ತಲೆ ಮುಚ್ಕೋ!” ಎಂದು ಕೂಗುತ್ತ ಓಡಿದರು, ಕಷಾಯದ ಚೊಂಬು ಹಿಡಿದು ನಾನು ಎಲ್ಲರ ಹಿಂದೆ ಓಡಿದೆ. ಬಟ್ಟೆ ಒಗೆಯುತ್ತಿದ್ದ ಹೆಂಗಸರು ಇದು ಯಾವ ದೇವರ ಉತ್ಸವ ಎಂದು ಕೇಳಿದರು.

ದೀಪ ಹಚ್ಚುವ ಹೊತ್ತಿಗೆ ಜ್ವರ ಬಂತು. ಅಂಥಿಂಥ ಜ್ವರವಲ್ಲ. ಹಣೆಯ ಮೇಲಿಟ್ಟ ಒದ್ದೆ ಬಟ್ಟೆ ನೋಡುನೋಡುತ್ತಿದ್ದಂತೆ ಒಣಗುತ್ತಿತ್ತು. ಕಾಲಿನ ಗಂಟು, ಸೊಂಟ, ಬೆನ್ನು ಎಲ್ಲ ನೋವು ಎಂದರು. ಎದೆಗೆ ಕಿವಿ ಇಟ್ಟು ಕೇಳಿದೆ. ಒಳಗೆ ಬೀಸುವ ಕಲ್ಲು ತಿರುಗುತ್ತಿತ್ತು. ಮಾವ ಬಂದು ಅಂಗೈಯನ್ನು ಹಣೆಗಿಟ್ಟರು, ಎದೆಗಿಟ್ಟರು, ಪಾದಕ್ಕಿಟ್ಟರು.

“ಎಲ್ಲೈತೆ ಮಾವ? ಮೇಲಾ, ಕೆಳಗಾ?” ಎಂದೆ.

“ಎಲ್ಲಾ ಕಡೆನೂ ಐತೆ ಕಣವ್ವ.”

ಅಷ್ಟು ಸಣ್ಣ ದನಿ ಅಷ್ಟು ದೊಡ್ಡ ಮೈಯಿಂದ ಬಂದದ್ದನ್ನು ಅದುವರೆಗೆ ನಾನು ಕೇಳಿರಲಿಲ್ಲ.

ಸೋಮವಾರ ಬೆಳಕು ಹರಿಯಿತು. ಜ್ವರ ಇಳಿದಿರಲಿಲ್ಲ. ಒಗೆದು ಮಡಿಸಿದ ಚಡ್ಡಿ ಗೂಟದ ಮೇಲೆ ನೇತಾಡುತ್ತಿತ್ತು. ಬಿಸಿಲೇರುವ ಮೊದಲು ಜಾಲಹಳ್ಳಿ ಮೈದಾನ ಸೇರಬೇಕು. ಮಾವ ಎಬ್ಬಿಸುತ್ತಾರೆ, ಅತ್ತೆ ತಡೆಯುತ್ತಾರೆ, ನಾನು ನಡುವೆ ನಿಲ್ಲಬೇಕು ಎಂದು ಸೆರಗು ಸಿಕ್ಕಿಸಿಕೊಂಡು ಸಿದ್ಧವಾಗಿದ್ದೆ. ಆದದ್ದು ಬೇರೆ.

“ಏಳಪ್ಪ,” ಎಂದರು ನಮ್ಮತ್ತೆ! ಕಂಬಳಿಯನ್ನು ತಾವೇ ಸರಿಸಿದರು. “ಒಂದೇ ಒಂದು ಸುತ್ತು ಓಡ್ಬಿಡು ನನ್ನಪ್ಪ. ಒಲ ಇಲ್ಲ, ಇದೂ ಇಲ್ಲ ಅಂದ್ರೆ ಏನ್ ತಿಂದೀಯ? ಓಡ್ಬಿಟ್ಟು ಬಂದು ತಿಂಗಳು ಬೇಕಾದ್ರೆ ಮಲಕ್ಕೋ.”

“ಮಲಗ್ಲಿ,” ಎಂದರು ನಮ್ಮ ಮಾವ.

“ಏನಂದೆ?”

“ಅವನು ಏಳಾಂಗಿಲ್ಲ. ಕೆಲಸ ಓದ್ರೆ ಓಗ್ಲಿ.”

“ಇಷ್ಟ್ ದಿನ ಕುಣಿಸ್ದೋನು ನೀನೇ ಅಲ್ವೇನೋ!”

ಮಾವ ಗೋಡೆಗೆ ಒರಗಿ ಕೂತರು. “ಗರಡಿಯಾಗೆ ನನ್ನ ಜೋಡಿ ಚನ್ನಕೇಶವ ಅಂತ ಇದ್ದ, ನೆನಪೈತಾ ಅಕ್ಕಯ್ಯ? ಅವಂಗೂ ಇಂಗೇ ಜರ ಇತ್ತು. ಬಾರ್ಲಾ, ಬೆವರು ಬಂದ್ರೆ ಸರಿಯಾಯ್ತದೆ ಅಂತ ನಾನೇ ಕುಸ್ತಿ ಮಟ್ಟಿ ಮಣ್ಣಿಗೆ ಎಳ್ಕೊಂಡೆ. ಪಟ್ಟು ಹಾಕ್ದೆ. ಕೆಳಗೆ ಬಿದ್ದೋನು ನಗ್ತಾವ್ನೆ ಅಂದ್ಕೊಂಡೆ. ಏಳಲೇ ಇಲ್ಲ ಕಣೆ.” ಯಜಮಾನರ ಕಡೆ ನೋಡಿ ಹೇಳಿದರು, “ಈ ಕುತ್ತಿಗೆ ಲೆಕ್ಕ ನಾನು ಇಟ್ಕೊಂಡಿದ್ದು ಆಮ್ಯಾಕೆ.”

ಆಮೇಲೆ ಇಬ್ಬರೂ ನನ್ನ ಕಡೆ ತಿರುಗಿದರು.

“ಗಂಡ ನಿನ್ನೋನು,” ಎಂದರು ಅತ್ತೆ. “ನೀನೇ ಯೋಳು.”

ಅಷ್ಟು ದಿನ ಅವರು ನನ್ನ ಗಂಡ ಎನ್ನುವುದು ಆ ಮನೆಯಲ್ಲಿ ಯಾರಿಗೂ ನೆನಪಿರಲಿಲ್ಲ. ನೆನಪಾಗಲು ಎಂಥ ಗಳಿಗೆ ಹುಡುಕಿದರು ನೋಡಿ! ಓಡಲಿ ಎಂದರೆ ಗಂಡ ಹೋಗಬಹುದು, ಮಲಗಲಿ ಎಂದರೆ ಅನ್ನ ಹೋಗುತ್ತದೆ. ಯಜಮಾನರು ಕಣ್ಣು ಬಿಟ್ಟು ನನ್ನನ್ನೇ ನೋಡುತ್ತಿದ್ದರು. ಕುತ್ತಿಗೆಯ ಮೇಲೆ ಸುಣ್ಣದ ಗೆರೆ ಇನ್ನೂ ಇತ್ತು. ನಾನು ಕಂಬಳಿಯನ್ನು ಎಳೆದು ಆ ಗೆರೆ ಕಾಣದ ಹಾಗೆ ಗಲ್ಲದವರೆಗೂ ಹೊದಿಸಿದೆ.

“ಮಲಗಲಿ,” ಎಂದೆ. “ನಾನು ಹೋಗಿ ಸಾಹೇಬರ ಕಾಲು ಹಿಡಿದು ಇನ್ನೊಂದು ದಿನ ಕೇಳಿ ಬರ್ತೀನಿ.”

ಸೀರೆ ಎತ್ತಿ ಕಟ್ಟಿ ಓಡಿದೆ. ನಮ್ಮದಾಗಿದ್ದ ಹೊಲದ ಮೇಲೆಯೇ ಓಡಿದೆ, ಸರ್ವೆ ಕಲ್ಲಿಗೆ ಎಡವಿ ಕಾಲುಗುರು ಕಿತ್ತುಕೊಂಡು ಓಡಿದೆ. ಸಾಹೇಬರಿಗೆ ಏನು ಹೇಳಬೇಕು ಎಂದು ದಾರಿಯುದ್ದಕ್ಕೂ ಬಾಯಿಪಾಠ ಮಾಡಿದೆ. ಸುತ್ತ ಓಡುವವರ ಗುಂಪು ಕಾಣುತ್ತದೆ, ಶಿಳ್ಳೆ ಕೇಳುತ್ತದೆ ಎಂದುಕೊಂಡಿದ್ದೆ. ಗುಂಪೂ ಇಲ್ಲ, ಶಿಳ್ಳೆಯೂ ಇಲ್ಲ. ಮೈದಾನದಲ್ಲಿ ಒಂದು ಕತ್ತೆ ಮೇಯುತ್ತಿತ್ತು. ಪರೀಕ್ಷೆ ಮುಗಿದೇ ಹೋಯಿತು ಎಂದುಕೊಂಡೆ. ಗೇಟಿನ ಹತ್ತಿರ ತಲೆಗೆ ಮಫ್ಲರು ಸುತ್ತಿಕೊಂಡು ಒಬ್ಬ ಕಾವಲುಗಾರ ಕೂತಿದ್ದ.

“ಏನಮ್ಮಾ ಇಂಗೆ ಓಡ್ಕೊಂಡ್ ಬರ್ತೀಯ? ಹೆಂಗಸರಿಗೆ ಪರೀಕ್ಷೆ ಇಲ್ಲಮ್ಮಾ.”

“ನನಗಲ್ಲ ಕಣಯ್ಯ, ನಮ್ಮ ಯಜಮಾನರಿಗೆ!”

“ಅವರಿಗೆ ಕಾಲಿಲ್ವಾ?”

“ಜ್ವರ! ಸಾಹೇಬರು ಎಲ್ಲಿ?”

“ಜ್ವರ,” ಎಂದ. “ಸಾಹೇಬ್ರಿಗೆ ಜ್ವರ, ಡಾಕ್ಟ್ರಿಗೆ ಜ್ವರ, ಶಿಳ್ಳೆ ಊದೋನಿಗೆ ಜ್ವರ. ಬೆಂಗಳೂರಿಗೆ ಬೆಂಗಳೂರೇ ಫ್ಲೂ ಬಂದು ಮಲಗೈತೆ ತಾಯಿ, ನೀನ್ ಯಾವ ಊರಲ್ಲಿದ್ದೀಯ?” ಒಂದು ಸಲ ಸೀನಿದ. “ಪರೀಕ್ಷೆ ಮುಂದಿನ ತಿಂಗಳಿಗೆ ಹೋಯ್ತು. ಶನಿವಾರನೇ ಸುತ್ತಮುತ್ತ ಊರಿಗೆಲ್ಲ ತಮಟೆ ಹೊಡಿಸಿದ್ವಲ್ಲಮ್ಮಾ. ಶೆಟ್ಟಿಹಳ್ಳೀಲಿ ಬೀದಿ ಬೀದಿ ಹೊಡೆದ್ರು. ಒಂದು ಮನೇಲಿ ಮೂತಿಗೆ ಬಡಿದಂಗೆ ಬಾಗ್ಲು ಹಾಕಿ ಅಗಣಿ ಹಾಕ್ಕೊಂಡ್ರಂತೆ, ಯಾರೋ ಪುಣ್ಯಾತ್ಗಿತ್ತಿ.”

ಆ ಪುಣ್ಯಾತ್ಗಿತ್ತಿ ಯಾರಿರಬಹುದು ಎಂದು ನಾನೂ ಆಶ್ಚರ್ಯಪಟ್ಟು ತಲೆಯಾಡಿಸಿದೆ. ಬರುವಾಗ ನಡೆದುಕೊಂಡೇ ಬಂದೆ.

ಮನೆಯಲ್ಲಿ ವಿಷಯ ಹೇಳಿದ್ದೇ ತಡ, ಅಕ್ಕ ತಮ್ಮ ಮೊದಲ ಬಾರಿಗೆ ಒಂದಾದರು. ತಮಟೆ ಕೇಳಿಸದಂತೆ ಬಾಗಿಲು ಹಾಕಿದವಳು ನಾನು, ಆದ್ದರಿಂದ ಭಾನುವಾರದ ಓಟಕ್ಕೂ, ಆ ಓಟದಿಂದ ಬಂದ ಜ್ವರಕ್ಕೂ ನಾನೇ ಕಾರಣ ಎಂದು ತೀರ್ಮಾನವಾಯಿತು. ಹಾಕು ಎಂದವರು ಯಾರು ಎಂದು ಕೇಳಲು ಬಾಯಿ ತೆರೆದೆ. ಬಂದದ್ದು ಸೀನು.

ಮಾರನೆಯ ದಿನ ನನಗೆ ಮೂಗು, ಗಂಟಲು, ಎದೆ ಎಲ್ಲ ಒಟ್ಟಿಗೇ ಹಿಡಿಯಿತು. ನನ್ನ ಕುತ್ತಿಗೆಗೂ ಪಂಚಾಯಿತಿ ಕೂರುತ್ತದೆ, ದಾರ ಹಿಡಿಯುತ್ತಾರೆ, ಸುಣ್ಣ ಹಚ್ಚುತ್ತಾರೆ ಎಂದು ಮೂಲೆಯಲ್ಲಿ ಗಲ್ಲ ಎತ್ತಿಕೊಂಡೇ ಮಲಗಿದ್ದೆ.

“ಲಕ್ಸ್ಮಿ,” ಎಂದು ಅತ್ತೆ ಕೂಗಿದರು, “ಎಸರು ಕಾಯ್ತಾ ಐತೆ, ಮುದ್ದೆ ತಿರುವೋದು ಯಾರು?”

ಆವತ್ತು ತಿಳಿಯಿತು, ಸೊಸೆಗೆ ಕುತ್ತಿಗೆಯೇ ಇರುವುದಿಲ್ಲ. ತಲೆಯಿಂದ ನೇರವಾಗಿ ಕೈ ಶುರುವಾಗುತ್ತದೆ. ಗೋಡೆ ಹಿಡಿದು ಏಳುವಷ್ಟರಲ್ಲಿ ಒಲೆಯ ಮುಂದೆ ಕತ್ತಲೆಯಾಯಿತು. ಮಾವ ಹಿಟ್ಟಿನ ಕೋಲು ಕೈಗೆತ್ತಿಕೊಂಡು ಕೂತಿದ್ದರು.

“ಮಲಕ್ಕೋ ಓಗು. ನಿನ್ನ ಬದ್ಲು ನಾನು ತಿರುವ್ತೀನಿ. ರಟ್ಟೆಗೆ ಇದೂ ಸಾಮೇಯ.”

“ಅಯ್ಯೋ, ಗಂಡಸ್ರು ನೀವು... ಯಾರಾದ್ರೂ ನೋಡಿದ್ರೆ?”

“ನೋಡ್ಲಿ ಬಿಡು. ನಾನ್ ಮಾಡಿದ್ರೂ ನಿನ್ನ ಲೆಕ್ಕಕ್ಕೇ ಸೇರ್ತದೆ. ಮುಂದೆ ನೀನು ತೀರಿಸೀಯಂತೆ.”

ಮುದ್ದೆಯಲ್ಲಿ ಹಿಟ್ಟಿನ ಗಂಟು ನೆಲ್ಲಿಕಾಯಿ ಗಾತ್ರ ಇದ್ದವು. ಕಣ್ಣು ಮುಚ್ಚಿ ನುಂಗಿದೆ. ನಾನು ಏಳುವವರೆಗೂ ಅವರೇ ತಿರುವಿದರು.

ಮುಂದಿನ ತಿಂಗಳು ಯಜಮಾನರು ಓಡಿದರು, ಖಾಕಿ ಹಾಕಿದರು, ನಿವೃತ್ತಿಯವರೆಗೂ ಅದೇ ಗೇಟು ಕಾದರು. ಈಗ ಅವರೂ ಇಲ್ಲ. ಸುಳ್ಳು ಬರೆದರೆ ತಿದ್ದುವವರಿಲ್ಲ, ಆದರೂ ನಡೆದದ್ದನ್ನೇ ಬರೆದಿದ್ದೇನೆ.

ಅರವತ್ತೆಂಟರ ಚಳಿಗಾಲದಲ್ಲಿ ಮಾವ ನಮ್ಮ ಮನೆಗೆ ಗಾಡಿಯಲ್ಲಿ ಬಂದರು. ನಡೆದು ಬಾರದೆ ಗಾಡಿಯಲ್ಲಿ ಬಂದಾಗಲೇ ಕಾಯಿಲೆ ದೊಡ್ಡದು ಎಂದು ನನಗೆ ಗೊತ್ತಾಯಿತು. ಯಶವಂತಪುರದ ಡಾಕ್ಟರು ಬಂದು ಕೊಳವೆ ಇಟ್ಟು ನೋಡುವ ಮೊದಲೇ ಅವರು, “ಕುತ್ತಿಗೆಯಿಂದ ಕೆಳಗೆ ಕಣಯ್ಯ,” ಎಂದುಬಿಟ್ಟರು. ಎದೆಯ ಕಾಯಿಲೆ, ಎದ್ದು ಕೂರಲೂಬಾರದು ಎಂದರು ಡಾಕ್ಟರು. ಮಾವ ತಮ್ಮ ಶಾಸ್ತ್ರಕ್ಕೆ ತಾವೇ ತಲೆಬಾಗಿ ಮಲಗಿದರು. ನಮ್ಮತ್ತೆ ಅದೇ ಕರೀ ಕಂಬಳಿ ತಂದು ಹೊದಿಸಿದರು. ತಮ್ಮ ಒದೆಯಲಿಲ್ಲ, ಬೈಯಲಿಲ್ಲ, ಕಷಾಯ ಕೊಟ್ಟರೆ ಕುಡಿದುಬಿಟ್ಟರು. ಇಡೀ ಜನ್ಮಕ್ಕೆ ಒಂದು ಸಲ ಗೆದ್ದ ಅತ್ತೆ ಅಡುಗೆಮನೆಗೆ ಬಂದು ಸೆರಗಿನಿಂದ ಕಣ್ಣೊರೆಸಿಕೊಂಡರು. “ಏನ್ ಕೊಟ್ರೂ ಕುಡೀತಾನೆ ಕಣೆ. ಒಂದ್ಸಲನಾದ್ರೂ ಬೈಯ್ಲಿ ಅಂತ ಕೂತಿದ್ದೀನಿ. ನಂಗೆ ಭಯ ಆಯ್ತದೆ.”

ಮಾವ ಬೈಯದೆ ಮಲಗಿದ್ದರೂ ನೆಮ್ಮದಿಯಿಂದ ಮಲಗಿರಲಿಲ್ಲ. ಮೀಸೆ ಮೂಡುವ ಮೊದಲಿನಿಂದ ಒಂದು ದಿನವೂ ತಪ್ಪದ ಸಾಮು ಈಗ ತಪ್ಪುತ್ತಿತ್ತು. ಒಂದು ಬೆಳಿಗ್ಗೆ ನಾನು ಕಾಫಿ ತೆಗೆದುಕೊಂಡು ಹೋದಾಗ ಕೈ ಸನ್ನೆ ಮಾಡಿ ಕರೆದರು.

“ಲಕ್ಸ್ಮಿ, ನಿಂದು ಒಂದು ಸಾಲ ಐತೆ. ಮುದ್ದೆ ತಿರುವಿದ್ದು.”

“ಈಗ ಹಿಟ್ಟಿನ ಕೋಲು ತರಲಾ ಮಾವ?”

“ಕೋಲು ಬ್ಯಾಡ. ನನ್ನ ಬದ್ಲು ಬಸ್ಕಿ ಹೊಡಿ.”

ಮೂರು ಹೆತ್ತವಳು ನಾನು! ಮೈ ಎಂದರೆ ರಾಗಿ ಮೂಟೆ, ಮಂಡಿ ಎಂದರೆ ಮಳೆಗಾಲದ ಬಾಗಿಲು, ಅಲ್ಲಾಡಿದರೆ ಕಿರ್ ಎನ್ನುತ್ತಿತ್ತು. ಅತ್ತೆ ಕಂಬಳಿಯ ಪಕ್ಕದಲ್ಲಿ ಕೂತು ಬಾಯಿ ಬಿಟ್ಟುಕೊಂಡು ನೋಡುತ್ತಿದ್ದರು. ನಾನು ಸೆರಗು ಸಿಕ್ಕಿಸಿ ಬಾಗಿಲ ಚೌಕಟ್ಟು ಹಿಡಿದೆ.

“ಬಾಗ್ಲು ಬಿಡು,” ಎಂದರು ಮಾವ.

ಬಿಟ್ಟೆ. ಕೂತೆ. ಕೂತದ್ದು ಸುಲಭವಾಯಿತು, ಭೂಮಿಯೇ ಕರೆದುಕೊಂಡಿತು. ಏಳುವುದು ಮಾತ್ರ ನನ್ನ ಕೈಲಾಗಲಿಲ್ಲ. ಮಾವ ಕಣ್ಣು ಮುಚ್ಚಿದ್ದನ್ನು ನೋಡಿ ಬಲಗೈಯನ್ನು ಮೆಲ್ಲಗೆ ನೆಲಕ್ಕೆ ಊರಿ ಎದ್ದುಬಿಟ್ಟೆ. ಅತ್ತೆ ಕಿಸಕ್ಕನೆ ನಕ್ಕರು. ಮಾವ ಕಣ್ಣು ಬಿಡಲಿಲ್ಲ, ಮೀಸೆ ಮಾತ್ರ ಅಲ್ಲಾಡಿತು. ಅವರು ನನಗೆ ಹೇಳಿದ ಕೊನೆಯ ಮಾತು ಇದು.

“ಬಳೆ ನೆಲಕ್ಕೆ ತಾಕಿದ್ದು ಕೇಳಿಸ್ತು ಕಣವ್ವ. ಅದು ನನ್ನ ಲೆಕ್ಕಕ್ಕೆ ಬ್ಯಾಡ. ಇನ್ನೊಂದ್ಸಲ ಕೂತ್ಕೊಂಡು ಏಳು, ಕೈ ಊರ್ದಂಗೆ.”